ಹಳಿಯ ಮೇಲಣ ತಂತಿಯನ್ನು ಓದುವ ಬಗೆ

ಬೀದರದಿಂದ ಒಂದು ಕಡೆ ವಿಕಾರಾಬಾದಿಗೂ ಇನ್ನೊಂದು ಕಡೆ ಭಾಲ್ಕಿ, ಕಮಲನಗರ, ಉದಗೀರಗಳ ಮಾರ್ಗವಾಗಿ ಪರಳಿ ವೈಜನಾಥಕ್ಕೂ ಹೋಗುವ ರೈಲುಹಾದಿಯ ನೆತ್ತಿಯ ಮೇಲೆ ಈಗ ತಾಮ್ರದ ತಂತಿ ಎಳೆಯಲ್ಪಟ್ಟಿದೆ. ನಿಜಾಮರ ಆಳ್ವಿಕೆಯಲ್ಲಿ ಹಾಸಲ್ಪಟ್ಟ ಈ ಹಾದಿಯು ಬಹುಕಾಲ ಕಲ್ಲಿದ್ದಲಿನ ಹೊಗೆಯನ್ನು ಕಂಡಿತು. ಬಳಿಕ ಡೀಸೆಲಿನ ಹೊಗೆಯನ್ನು ಕಂಡಿತು. ಇಂದು ಅದೇ ಹಳಿಗಳ ಮೇಲೆ ವಿದ್ಯುತ್ತಿನ ಎಂಜಿನ್ನುಗಳು ಓಡುತ್ತಿವೆ. ಇಂಥ ಬದಲಾವಣೆ ಒಂದು ಜಿಲ್ಲೆಯ ಬಾಳಿನಲ್ಲಿ ನೂರು ವರ್ಷಕ್ಕೊಮ್ಮೆ ಬರತಕ್ಕದ್ದು. ಆದರೆ ಅದನ್ನು ನಮ್ಮ ಜನ ಬರಮಾಡಿಕೊಂಡ ರೀತಿ ವಿಚಿತ್ರವಾಗಿದೆ. ಕೆಲವರಿಗೆ ಅದು ಹೆಮ್ಮೆಯ ವಿಷಯ. ಕೆಲವರಿಗೆ ಭಯದ ವಿಷಯ. ಉಳಿದವರಿಗೆ ಅದು ಕಾಗೆ ಕೂರುವ ಇನ್ನೊಂದು ತಂತಿ, ಅಷ್ಟೆ. ಅದು ಹೇಗೆ ನಿಂತಿದೆ, ಯಾತಕ್ಕೆ ಹಾಗೆ ನಿಂತಿದೆ ಎಂದು ಕೇಳುವವರು, ಭೌತವಿಜ್ಞಾನವನ್ನು ಐಚ್ಛಿಕವಾಗಿ ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೂಡ, ಬೆರಳೆಣಿಕೆಯಷ್ಟು ಮಂದಿ. ಈ ಉದಾಸೀನಕ್ಕೆ ಕೆಲವೊಮ್ಮೆ ಪ್ರಾಣವನ್ನೇ ಬೆಲೆಯಾಗಿ ತೆರಬೇಕಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ತಂತಿಯನ್ನೇ ನೋಡೋಣ.

ನಿಲ್ದಾಣದ ಕಟ್ಟೆಯ ಮೇಲೆ ನಿಂತು ತಲೆಯೆತ್ತಿದರೆ ಕಾಣುವುದು ಒಂದು ತಂತಿಯಲ್ಲ, ಎರಡು. ಮೇಲಿನದು ಕಂಬದಿಂದ ಕಂಬಕ್ಕೆ ತೊಟ್ಟಿಲಿನಂತೆ ಬಾಗಿ ತೂಗುತ್ತದೆ. ಕೆಳಗಿನದು ನೆಲಕ್ಕೆ ಬಹುಮಟ್ಟಿಗೆ ಸಮಾನಾಂತರವಾಗಿ ನೇರವಾಗಿರುತ್ತದೆ. ಎರಡರ ನಡುವೆ ಉದ್ದ ಗಿಡ್ಡವಾದ ಸಣ್ಣ ತಂತಿಗಳು ಇಳಿಬಿದ್ದಿರುತ್ತವೆ. ಎಂಜಿನ್ನಿನ ತಲೆಯ ಮೇಲಿರುವ ಪ್ಯಾಂಟೋಗ್ರಾಫ್ ಎಂಬ ಮಡಿಸುವ ಚೌಕಟ್ಟು ತನ್ನ ಇಂಗಾಲದ ಪಟ್ಟಿಯಿಂದ ಕೆಳಗಿನ ತಂತಿಯನ್ನು ಸುಮಾರು 7 ಕಿಲೋಗ್ರಾಮ್ ತೂಕದ ಬಲದಿಂದ ಒತ್ತಿ ಸವರುತ್ತ ಹೋಗುತ್ತದೆ. ಈ ಸ್ಪರ್ಶತಂತಿಯು ಗಡುಸು ತಾಮ್ರದ್ದು. ಅದರ ಅಡ್ಡಕೊಯ್ತ 107 ಚದರ ಮಿಲಿಮೀಟರ್. ಅದನ್ನು ಹೊತ್ತಿರುವ ಮೇಲಿನ ತಂತಿಯ ಅಡ್ಡಕೊಯ್ತ 65 ಚದರ ಮಿಲಿಮೀಟರ್.

ಒಂದೇ ತಂತಿ ಸಾಲದೆ? ಸಾಲದು. ಯಾವ ತಂತಿಯನ್ನಾದರೂ ಎರಡು ಕಂಬಗಳ ನಡುವೆ ಕಟ್ಟಿದರೆ ಅದು ಬಾಗಲೇಬೇಕು. ಎಷ್ಟೇ ಬಲವಾಗಿ ಎಳೆದರೂ ಸಂಪೂರ್ಣ ನೇರವಾಗದು. ಏಕೆಂದರೆ ಅಡ್ಡಲಾಗಿ ಎಳೆಯುವ ಬಲಕ್ಕೆ ತಂತಿಯ ತೂಕವನ್ನು ಎತ್ತಿಹಿಡಿಯುವ ಊರ್ಧ್ವ ಅಂಶವೇ ಇರುವುದಿಲ್ಲ. ತಂತಿ ಸ್ವಲ್ಪವಾದರೂ ಓರೆಯಾದರೆ ಮಾತ್ರ ಆ ಅಂಶ ಒದಗುತ್ತದೆ. ನಮ್ಮ ದೇಶದ ರೈಲುಹಾದಿಗಳಲ್ಲಿ ಎರಡು ಕಂಬಗಳ ನಡುವಣ ಅಂತರ ಹೆಚ್ಚೆಂದರೆ 72 ಮೀಟರ್. ಮೇಲಿನ ತಂತಿಯ ಸೆಳೆತ 1,000 ಕಿಲೋಗ್ರಾಮ್ ತೂಕದಷ್ಟು. ಅದು ಹೊರುವ ಭಾರ, ತನ್ನದೂ ಕೆಳಗಿನದೂ ಸೇರಿ, ಮೀಟರಿಗೆ ಸುಮಾರು 1.6 ಕಿಲೋಗ್ರಾಮ್. ಭಾರವನ್ನು ಅಂತರದ ವರ್ಗದಿಂದ ಗುಣಿಸಿ ಸೆಳೆತದ ಎಂಟರಷ್ಟರಿಂದ ಭಾಗಿಸಿದರೆ ನಡುವಿನ ಇಳಿತ ಸಿಕ್ಕುತ್ತದೆ. ಲೆಕ್ಕ ಮಾಡಿದರೆ ಅದು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಕಂಬದ ಬಳಿ ಎರಡು ತಂತಿಗಳ ನಡುವೆ 1.4 ಮೀಟರ್ ಅಂತರ ಬಿಟ್ಟಿರುತ್ತಾರೆ. ಹೀಗಾಗಿ ನಡುಭಾಗದಲ್ಲಿ ಸುಮಾರು ಒಂದು ಮೊಳದಷ್ಟಕ್ಕಿಂತ ಕಡಿಮೆ ಅಂತರ ಉಳಿಯುತ್ತದೆ. ಅಲ್ಲಿನ ಇಳಿತಂತಿಗಳು ಗಿಡ್ಡವಾಗಿರುವುದು ಇದೇ ಕಾರಣಕ್ಕೆ. ಬಾಗುವ ಕೆಲಸವನ್ನು ಮೇಲಿನ ತಂತಿಗೆ ಒಪ್ಪಿಸಿ, ನೇರವಾಗಿರುವ ಕೆಲಸವನ್ನು ಕೆಳಗಿನದಕ್ಕೆ ಕೊಟ್ಟಿರುವ ಈ ಏರ್ಪಾಡು ನನಗೆ ಎಂಜಿನಿಯರುಗಳ ಅತ್ಯಂತ ಸರಳವಾದ, ಅತ್ಯಂತ ಸುಂದರವಾದ ಉಪಾಯಗಳಲ್ಲಿ ಒಂದಾಗಿ ತೋರುತ್ತದೆ.

ತೂಗುವ ಸರಪಳಿಯ ಆಕೃತಿ ಯಾವುದು ಎಂಬ ಪ್ರಶ್ನೆ ಹಿಂದೆ ಯೂರೋಪಿನ ಮಹಾಮೇಧಾವಿಗಳನ್ನು ಕಾಡಿತ್ತು. ಅದು ಪರವಲಯಕ್ಕೆ ಬಹು ಹತ್ತಿರವಾದುದೆಂದು ಗೆಲಿಲಿಯೋ ತಿಳಿದಿದ್ದನು. 1691ರಲ್ಲಿ ಲೈಬ್ನಿಟ್ಸ್, ಹೈಗನ್ಸ್, ಯೋಹಾನ್ ಬರ್ನೂಲಿ ಈ ಮೂವರೂ ಬೇರೆ ಬೇರೆಯಾಗಿ ಅದರ ನಿಜವಾದ ಸಮೀಕರಣವನ್ನು ಕಂಡುಹಿಡಿದರು. ಅಲ್ಪ ಇಳಿತದ ತಂತಿಗೆ ಎರಡರ ನಡುವೆ ಭೇದವಿಲ್ಲದಂತೆಯೇ ಸರಿ. ಆದುದರಿಂದ ಮೇಲಿನ ಲೆಕ್ಕಕ್ಕೆ ಗೆಲಿಲಿಯೋವಿನ ಪರವಲಯವೇ ಸಾಕು. ಕಾಲೇಜಿನ ಗಣಿತದಲ್ಲಿ ಈ ವಕ್ರರೇಖೆಯನ್ನು ಓದುವ ವಿದ್ಯಾರ್ಥಿ ಅದನ್ನು ಕಪ್ಪುಹಲಗೆಯ ಮೇಲೆ ಮಾತ್ರ ಕಂಡಿರುತ್ತಾನೆ. ಭಾಲ್ಕಿಯಿಂದ ಬೀದರಕ್ಕೆ ದಿನವೂ ಬರುವವನು ಕಿಟಕಿಯಾಚೆ ಅದನ್ನು ನೂರಾರು ಸಲ ಕಾಣುತ್ತಾನೆ, ಆದರೆ ಇದೇ ಅದು ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಇನ್ನು ಬಿಸಿಲಿನ ಮಾತು. ಬೀದರದ ಚಳಿಗಾಲದ ಬೆಳಗಿನ ಜಾವಕ್ಕೂ ಮೇ ತಿಂಗಳ ನಡುಹಗಲಿಗೂ ಇರುವ ಅಂತರವನ್ನು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ತಂತಿಯ ಉಷ್ಣತೆ 35 ಡಿಗ್ರಿ ಏರಿತೆಂದು ಇಟ್ಟುಕೊಳ್ಳೋಣ. ತಾಮ್ರವು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 17 ಭಾಗದಷ್ಟು ಹಿಗ್ಗುತ್ತದೆ. ಎರಡು ಕಂಬಗಳಿಗೆ ತಂತಿಯನ್ನು ಬಿಗಿದು ಕಟ್ಟಿ ಸುಮ್ಮನಾಗಿದ್ದರೆ ಬೇಸಿಗೆಯಲ್ಲಿ ಸೆಳೆತ ಸಡಿಲಿ, ಮೇಲಿನ ತಂತಿ ನಡುವಿನಲ್ಲಿ ಒಂದು ಗೇಣಿಗೂ ಮಿಕ್ಕಿ ಜೋತುಬೀಳುತ್ತಿತ್ತು. ಚಳಿಗಾಲದಲ್ಲಿ ಅದೇ ತಂತಿ ಅತಿಯಾಗಿ ಬಿಗಿದುಕೊಳ್ಳುತ್ತಿತ್ತು. ಆದುದರಿಂದ ತಂತಿಯನ್ನು ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ತುಂಡುಗಳನ್ನಾಗಿ ಮಾಡಿ, ನಡುವಿನಲ್ಲಿ ಬಿಗಿದು, ಎರಡು ತುದಿಗಳನ್ನೂ ರಾಟೆಗಳ ಮೇಲೆ ಹಾಯಿಸಿ ಭಾರವಾದ ಕಬ್ಬಿಣದ ಬಿಲ್ಲೆಗಳನ್ನು ತೂಗಬಿಟ್ಟಿರುತ್ತಾರೆ. ತಂತಿ ಹಿಗ್ಗಿದರೆ ಬಿಲ್ಲೆಗಳು ಇಳಿಯುತ್ತವೆ, ಕುಗ್ಗಿದರೆ ಏರುತ್ತವೆ; ಸೆಳೆತ ಮಾತ್ರ ಒಂದೇ ಸಮನಾಗಿರುತ್ತದೆ. 750 ಮೀಟರ್ ತಂತಿ 35 ಡಿಗ್ರಿಗೆ ಹಿಗ್ಗುವುದು ಸುಮಾರು 45 ಸೆಂಟಿಮೀಟರ್. ಮೂರಕ್ಕೆ ಒಂದರ ರಾಟೆ ಇದ್ದಲ್ಲಿ ಬಿಲ್ಲೆಗಳು ಅದರ ಮೂರರಷ್ಟು, ಎಂದರೆ ಒಂದು ಮೀಟರಿಗೂ ಹೆಚ್ಚು, ಇಳಿಯಬೇಕು. ಜನವರಿಯ ಮುಂಜಾನೆ ಒಮ್ಮೆ, ಮೇ ತಿಂಗಳ ಮಧ್ಯಾಹ್ನ ಒಮ್ಮೆ, ನಿಲ್ದಾಣದ ಕಟ್ಟೆಯಿಂದಲೋ ಗೇಟಿನ ಹೊರಗಿನಿಂದಲೋ ಅಂಥದೊಂದು ಬಿಲ್ಲೆಗೊಂಚಲನ್ನು ನೋಡಿದವನಿಗೆ ರೇಖೀಯ ವಿಕಾಸ ಎಂಬ ಪಾಠವನ್ನು ಬಾಯಿಪಾಠ ಮಾಡುವ ಗೋಜಿಲ್ಲ. ನೋಡುವುದು ದೂರದಿಂದಲೇ ಆಗಬೇಕು. ಹಾದಿಯ ಮೇಲೆ ಕಾಲಿಡುವ ಅವಶ್ಯಕತೆ ಇಲ್ಲ, ಅಪ್ಪಣೆಯೂ ಇಲ್ಲ.

ನೆಲದ ಸ್ವಭಾವವೂ ಇದರಲ್ಲಿ ಸೇರಿದೆ. ಬೀದರ ನಗರ ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲದ ಮೇಲೆ ಕುಳಿತಿದೆ. ಈ ಕಲ್ಲು ಎಷ್ಟು ಗಟ್ಟಿ, ಎಷ್ಟು ವಿಧೇಯ ಎಂಬುದನ್ನು ಅರಿತವರೇ ಬಹಮನಿ ಕಾಲದಲ್ಲಿ ನೌಬಾದಿನ ಬಳಿ ನೆಲದೊಳಗೆ ಸುರಂಗ ಕೊರೆದು ನೀರು ಹರಿಸಿದರು. ದಾರಿಯುದ್ದಕ್ಕೂ ಅಲ್ಲಲ್ಲಿ ಗಾಳಿಬಾವಿಗಳನ್ನು ತೋಡಿದರು. ಆದರೆ ಬೀದರದ ಎತ್ತರದಿಂದಿಳಿದು ಭಾಲ್ಕಿಯ ಕಡೆಗೆ ಹೋದಂತೆ ಕಪ್ಪು ಎರೆಮಣ್ಣು ಬರುತ್ತದೆ. ಔರಾದದ ಸೀಮೆಯಲ್ಲೂ ಅದೇ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಬಿರುಕುಬಿಟ್ಟು ಕುಗ್ಗುವ ಈ ಮಣ್ಣು ಕಡಲೆಗೂ ತೊಗರಿಗೂ ತಾಯಿ. ಕಂಬಕ್ಕೆ ಮಾತ್ರ ಮಲತಾಯಿ. ಕಂಬವೊಂದು ಕೇವಲ ಒಂದು ಡಿಗ್ರಿ ವಾಲಿತೆನ್ನಿ. ಸ್ಪರ್ಶತಂತಿ ಇರುವ 5.6 ಮೀಟರ್ ಎತ್ತರದಲ್ಲಿ ಅದು ಸುಮಾರು 10 ಸೆಂಟಿಮೀಟರ್ ಪಕ್ಕಕ್ಕೆ ಸರಿದಂತಾಯಿತು. ಇದು ಅಲ್ಪವೆಂದು ತೋರಬಹುದು. ಆದರೆ ತಂತಿಯನ್ನು ಹಳಿಯ ನಟ್ಟನಡುವೆ ಎಳೆದಿರುವುದಿಲ್ಲ. ನೇರ ಹಾದಿಯಲ್ಲಿ ಕೂಡ ಒಂದು ಕಂಬದಲ್ಲಿ 20 ಸೆಂಟಿಮೀಟರ್ ಎಡಕ್ಕೆ, ಮುಂದಿನ ಕಂಬದಲ್ಲಿ ಅಷ್ಟೇ ಬಲಕ್ಕೆ ಎಂಬಂತೆ ಅಂಕುಡೊಂಕಾಗಿ ಕಟ್ಟಿರುತ್ತಾರೆ. ಹಾಗೆ ಮಾಡದಿದ್ದರೆ ಇಂಗಾಲದ ಪಟ್ಟಿಯ ಒಂದೇ ಸ್ಥಳವನ್ನು ತಂತಿ ಗರಗಸದಂತೆ ಕೊಯ್ದುಬಿಡುತ್ತದೆ. ಈಗಾಗಲೇ 20 ಸೆಂಟಿಮೀಟರ್ ಸರಿದಿರುವ ತಂತಿ ಮತ್ತೆ 10 ಸರಿದು, ಅದಕ್ಕೆ ಗಾಳಿಯ ತಳ್ಳಾಟವೂ ಎಂಜಿನ್ನಿನ ಓಲಾಟವೂ ಸೇರಿದರೆ ತಂತಿ ಪಟ್ಟಿಯ ಅಂಚಿಗೆ ಬರುವ ಸಂಭವವುಂಟು. ಅಂಚಿನಿಂದ ಜಾರಿತೋ, ಓಡುವ ಬಂಡಿಯೇ ತಂತಿಯನ್ನು ಹರಿದುಕೊಂಡು ಹೋಗುತ್ತದೆ. ಎರೆಮಣ್ಣಿಗೆ ರೈಲ್ವೆಯವರು ಬೇರೆಯೇ ಬಗೆಯ ಅಡಿಪಾಯದ ನಕ್ಷೆಗಳನ್ನಿಟ್ಟುಕೊಂಡಿರುವುದು ಇದಕ್ಕಾಗಿ.

ಕಂಬಗಳ ಬೂದುಬಣ್ಣದ ಹೊಳಪು ಸತುವಿನದು. ಉಕ್ಕನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆದಿರುತ್ತಾರೆ. ಸತು ತಾನು ಸವೆದು ಉಕ್ಕನ್ನು ತುಕ್ಕಿನಿಂದ ಕಾಯುತ್ತದೆ. ಬಿದರಿ ಕೆಲಸದ ಊರಿನವರಿಗೆ ಸತು ಹೊಸ ಲೋಹವೇನಲ್ಲ. ಬಹುಪಾಲು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಕುಶಲಿಗಳು ಇಲ್ಲಿ ತಲೆತಲಾಂತರದಿಂದ ಇದ್ದಾರೆ. ಅದೇ ಎರಡು ಲೋಹಗಳು ಈಗ ಊರಿನ ಹೊರಗೆ ಬೇರೊಂದು ವೇಷದಲ್ಲಿ ನಿಂತಿವೆ.

ತರುಣ ವಾಚಕರಿಗೆ ಎಲ್ಲಕ್ಕಿಂತ ಹೆಚ್ಚಾಗಿ ನಾನು ತೋರಿಸಬಯಸುವುದು ಸೋನೋಮೀಟರನ್ನು. ಪದವಿಪೂರ್ವ ತರಗತಿಯ ಪ್ರಯೋಗಶಾಲೆಯಲ್ಲಿ ಧೂಳು ಹಿಡಿದು ಕುಳಿತಿರುವ ಆ ಮರದ ಪೆಟ್ಟಿಗೆಯ ಮೇಲಿನ ತಂತಿಯಲ್ಲಿ ಅಲೆಯ ವೇಗವು ಸೆಳೆತವನ್ನು ಮೀಟರಿನ ದ್ರವ್ಯರಾಶಿಯಿಂದ ಭಾಗಿಸಿದ ಲಬ್ಧದ ವರ್ಗಮೂಲಕ್ಕೆ ಸಮ ಎಂದು ಎಲ್ಲರೂ ಬರೆದು ಅಂಕ ಗಳಿಸುತ್ತಾರೆ. ಅದೇ ಸೂತ್ರವನ್ನು ಹಳಿಯ ಮೇಲಣ ತಂತಿಗೆ ಹಾಕಿ ನೋಡಿ. ಸ್ಪರ್ಶತಂತಿಯ ದ್ರವ್ಯರಾಶಿ ಮೀಟರಿಗೆ ಸುಮಾರು 0.95 ಕಿಲೋಗ್ರಾಮ್; ಸೆಳೆತ ಸುಮಾರು 9,800 ನ್ಯೂಟನ್. ಅಲೆಯ ವೇಗ ಸೆಕೆಂಡಿಗೆ ನೂರು ಮೀಟರಿನ ಆಸುಪಾಸು, ಎಂದರೆ ಗಂಟೆಗೆ ಸುಮಾರು 365 ಕಿಲೋಮೀಟರ್. ಪ್ಯಾಂಟೋಗ್ರಾಫ್ ತಂತಿಯನ್ನು ಮೇಲಕ್ಕೊತ್ತಿದಾಗ ಏಳುವ ಅಲೆ ಬಂಡಿಗಿಂತ ಮುಂದೆ ಓಡಿಹೋಗುತ್ತದೆ. ಬಂಡಿಯ ವೇಗ ಅಲೆಯ ವೇಗವನ್ನು ಸಮೀಪಿಸಿದರೆ ಅಲೆಗಳು ಚದುರಲು ಎಡೆಯಿಲ್ಲದೆ ಎಂಜಿನ್ನಿನ ಮುಂದೆಯೇ ಗುಡ್ಡೆಯಾಗುತ್ತವೆ. ಪಟ್ಟಿ ತಂತಿಯಿಂದ ಬಿಟ್ಟು ಬಿಟ್ಟು ಕಿಡಿ ಹಾರುತ್ತದೆ. ಆದುದರಿಂದ ಬಂಡಿಯು ಅಲೆಯ ವೇಗದ ಸುಮಾರು ಮುಕ್ಕಾಲು ಪಾಲಿನೊಳಗೇ ಇರಬೇಕೆಂಬುದು ಎಂಜಿನಿಯರುಗಳ ಎಣಿಕೆ. ಬೀದರದ ಹಾದಿಗೆ ಈ ಮಿತಿ ಬಹುದೂರದ ಮಾತು. ಆದರೆ 2007ರ ಏಪ್ರಿಲ್ 3ರಂದು ಫ್ರಾನ್ಸಿನಲ್ಲಿ ಒಂದು ರೈಲನ್ನು ಗಂಟೆಗೆ 574.8 ಕಿಲೋಮೀಟರ್ ವೇಗದಲ್ಲಿ ಓಡಿಸಿದಾಗ ಅಲ್ಲಿಯವರು ಎಂಜಿನ್ನನ್ನು ಮಾತ್ರ ಬಲಪಡಿಸಲಿಲ್ಲ. ತಂತಿಯ ಸೆಳೆತವನ್ನು 40,000 ನ್ಯೂಟನ್ನಿಗೆ ಏರಿಸಿದರು. ಸೋನೋಮೀಟರಿನ ತಕ್ಕಡಿಗೆ ಇನ್ನೊಂದು ತೂಕದ ಕಲ್ಲನ್ನಿಡುವ ವಿದ್ಯಾರ್ಥಿ ಮಾಡುವ ಕೆಲಸವೂ ಅದೇ. ಈ ಸಂಬಂಧವನ್ನು ನಮ್ಮ ಪಠ್ಯಕ್ರಮ ಹೇಳದಿದ್ದರೆ ಉಪಾಧ್ಯಾಯರಾದರೂ ಹೇಳಬೇಕು. ಬೀದರದಲ್ಲಿಯೂ ಭಾಲ್ಕಿಯಲ್ಲಿಯೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಪ್ರೌಢಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಕರೆದು ಒಂದು ಮಾದರಿ ತಂತಿ, ನಾಲ್ಕು ರಾಟೆ, ಒಂದಿಷ್ಟು ತೂಕದ ಕಲ್ಲುಗಳಿಂದ ಇಷ್ಟನ್ನೂ ತೋರಿಸಿಕೊಡುವುದು ಅವಕ್ಕೆ ಅಸಾಧ್ಯವೇನೂ ಅಲ್ಲ.

ತಂತಿಯ ಒತ್ತಡ 25,000 ವೋಲ್ಟ್. ಇದಷ್ಟು ದೊಡ್ಡದೇಕೆ? ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರುವರಿ 3ರಂದು ಮುಂಬಯಿಯಿಂದ ಕುರ್ಲಾಕ್ಕೆ ಓಡಿದಾಗ ಅದರ ತಂತಿಯಲ್ಲಿದ್ದುದು 1,500 ವೋಲ್ಟಿನ ನೇರ ಪ್ರವಾಹ. ಸುಮಾರು 4,700 ಕಿಲೋವಾಟಿನ ಒಂದು ಎಂಜಿನ್ನನ್ನು ತೆಗೆದುಕೊಳ್ಳಿ. ಈಗಿನ ಪ್ರಯಾಣಿಕರ ಬಂಡಿಗಳನ್ನೆಳೆಯುವ ದೊಡ್ಡ ಎಂಜಿನ್ನುಗಳ ಶಕ್ತಿ ಇಷ್ಟಿರುತ್ತದೆ. 1,500 ವೋಲ್ಟಿನಲ್ಲಿ ಅದಕ್ಕೆ ಮೂರು ಸಾವಿರ ಆಂಪಿಯರಿಗೂ ಮಿಕ್ಕ ಪ್ರವಾಹ ಬೇಕು. 25,000 ವೋಲ್ಟಿನಲ್ಲಿ 190 ಆಂಪಿಯರ್ ಸಾಕು. ತಂತಿಯಲ್ಲಿ ಶಾಖವಾಗಿ ಪೋಲಾಗುವುದು ಪ್ರವಾಹದ ವರ್ಗಕ್ಕೆ ಅನುಗುಣ. ಅದೇ ತಂತಿಯಾದರೆ ನಷ್ಟದಲ್ಲಿ ಸುಮಾರು 280 ಪಟ್ಟು ಅಂತರ! ಹೆಬ್ಬೆರಳಿನ ದಪ್ಪವೂ ಇಲ್ಲದ ತಂತಿಯಿಂದ ಇಡೀ ರೈಲು ನಡೆಯುವ ಗುಟ್ಟು ಇದು. ಉಪಕೇಂದ್ರಗಳನ್ನು 40-60 ಕಿಲೋಮೀಟರಿಗೊಂದರಂತೆ ಇಟ್ಟರೆ ಸಾಕಾಗುವುದೂ ಇದರಿಂದಲೇ. 1950ರ ದಶಕದಲ್ಲಿ ಫ್ರಾನ್ಸಿನ ರೈಲ್ವೆಯವರು ಸಾಮಾನ್ಯ ವಿದ್ಯುಜ್ಜಾಲದ ಪರ್ಯಾಯ ಪ್ರವಾಹವನ್ನೇ ಹೀಗೆ ಬಳಸಬಹುದೆಂದು ತೋರಿಸಿಕೊಟ್ಟರು. ಭಾರತವು 1957ರಲ್ಲಿ ಅದನ್ನು ಅಂಗೀಕರಿಸಿತು. ಕನ್ನಡ ನಾಡಿಗೆ ಇಂಥ ಒತ್ತಡ ಹೊಸದಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 30,000 ವೋಲ್ಟಿನಲ್ಲಿ ವಿದ್ಯುತ್ತು ಹರಿದಿತ್ತು.

ಕೆಲವು ವಿದ್ಯಾರ್ಥಿಗಳು ಕೇಳುವುದುಂಟು: ಮನೆಯ ದೀಪಕ್ಕೇ ಎರಡು ತಂತಿ ಬೇಕಾಗಿರುವಾಗ ರೈಲಿಗೆ ಒಂದೇ ಹೇಗೆ ಸಾಕು? ಎರಡನೆಯದು ಇದೆ, ಅದು ಹಳಿ. ಎಂಜಿನ್ನಿನೊಳಕ್ಕೆ ಬಂದ ಪ್ರವಾಹ ಗಾಲಿಗಳ ಮೂಲಕ ಹಳಿಗೂ, ಹಳಿಯಿಂದ ಭಾಗಶಃ ಭೂಮಿಗೂ ಇಳಿದು ಉಪಕೇಂದ್ರಕ್ಕೆ ಹಿಂತಿರುಗುತ್ತದೆ. ಇನ್ನೊಂದು ಕೌತುಕ: ಊರಿಗೆ ಬರುವ ವಿದ್ಯುಜ್ಜಾಲ ಮೂರು ಹಂತದ್ದು, ರೈಲಿಗೆ ಬೇಕಾದುದು ಒಂದೇ ಹಂತ. ಒಂದೇ ಹಂತದ ಮೇಲೆ ಎಲ್ಲ ಭಾರವನ್ನೂ ಹೇರಿದರೆ ಜಾಲ ಓರೆಯಾಗುತ್ತದೆಂದು ಒಂದೊಂದು ಉಪಕೇಂದ್ರ ಒಂದೊಂದು ಜೊತೆ ಹಂತಗಳಿಂದ ವಿದ್ಯುತ್ತು ಪಡೆಯುತ್ತದೆ. ಎರಡು ಉಪಕೇಂದ್ರಗಳ ಸೀಮೆ ಕೂಡುವಲ್ಲಿ ಅವು ಒಂದನ್ನೊಂದು ಮುಟ್ಟಕೂಡದು. ಆದುದರಿಂದ ಅಲ್ಲಿ ವಿದ್ಯುತ್ತಿಲ್ಲದ ಒಂದು ತಟಸ್ಥ ತುಣುಕನ್ನು ಇಟ್ಟಿರುತ್ತಾರೆ. ಚಾಲಕನು ಫಲಕಗಳನ್ನು ನೋಡಿ ಮುಂಚಿತವಾಗಿ ವಿದ್ಯುತ್ತನ್ನು ಕಡಿದು, ಬಂಡಿಯ ಓಟದ ರಭಸದಿಂದಲೇ ಅದನ್ನು ದಾಟುತ್ತಾನೆ.

ಈಗ ಪ್ರಾಣದ ಮಾತು. ನಿಂತ ಗೂಡ್ಸ್ ಬಂಡಿಯ ಮೇಲೆ ಹತ್ತಿ ಮೊಬೈಲಿನಲ್ಲಿ ತಮ್ಮ ಚಿತ್ರ ತೆಗೆದುಕೊಳ್ಳಲು ಹೋಗಿ ಸುಟ್ಟು ಸತ್ತ ಹುಡುಗರ ಸುದ್ದಿ ನಮ್ಮ ದೇಶದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಹೆಚ್ಚಿನವರು ಈ ಲೇಖನವನ್ನು ಓದುತ್ತಿರುವವರ ವಯಸ್ಸಿನವರೇ. ಇದಕ್ಕೆ ಉತ್ತರವಾಗಿ ದೊಡ್ಡವರು ಹೇಳುವುದೇನು? ‘ತಂತಿ ಎರಡು ಮೀಟರ್ ದೂರದಿಂದಲೇ ಎಳೆದುಕೊಳ್ಳುತ್ತದೆ’ ಎಂದು. ಈ ಮಾತನ್ನು ನಾನು ವಿರೋಧಿಸುತ್ತೇನೆ, ಏಕೆಂದರೆ ಇದು ನಿಜವಲ್ಲ. ಗಾಳಿಯ ನಿರೋಧವನ್ನು ಮುರಿಯಲು ಸಮ ಕ್ಷೇತ್ರದಲ್ಲಿ ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ಬೇಕು. 25,000 ವೋಲ್ಟಿನ ಪರ್ಯಾಯ ಒತ್ತಡ ಶಿಖರದಲ್ಲಿ 35,000ದಷ್ಟಾಗುತ್ತದೆ. ಬೆರಳ ತುದಿಯಂಥ ಚೂಪಾದ ವಸ್ತುವಿಗೆ ಕಿಡಿ ಇನ್ನೂ ಸ್ವಲ್ಪ ದೂರದಿಂದ ನೆಗೆಯಬಹುದು. ಆದರೂ ಅದು ಕೆಲವೇ ಸೆಂಟಿಮೀಟರುಗಳ ಮಾತು. ಸುಳ್ಳು ಹೆದರಿಕೆಯ ಕೇಡೇನೆಂದರೆ, ಒಬ್ಬ ಹುಡುಗ ಒಂದೂವರೆ ಮೀಟರಿನವರೆಗೆ ಹೋಗಿ ಏನೂ ಆಗದೆ ಇಳಿದುಬಂದುದನ್ನು ಇನ್ನೊಬ್ಬ ನೋಡಿದನೆಂದರೆ, ಆ ಕ್ಷಣದಿಂದ ಅವನು ಯಾವ ಎಚ್ಚರಿಕೆಯನ್ನೂ ನಂಬುವುದಿಲ್ಲ.

ಹೇಳಬೇಕಾದುದು ನಿಜವಾದ ಲೆಕ್ಕವನ್ನು. ತಂತಿ ಹಳಿಯಿಂದ ಸುಮಾರು 5.6 ಮೀಟರ್ ಎತ್ತರದಲ್ಲಿದೆ. ಬಂಡಿಯ ನೆತ್ತಿ 4 ಮೀಟರಿಗಿಂತ ಎತ್ತರ, ಕೆಲವು 4.2ರವರೆಗೂ ಇರುತ್ತವೆ. ನಡುವೆ ಉಳಿಯುವುದು ಒಂದೂವರೆ ಮೀಟರಿನ ಆಚೀಚೆ. ಹದಿನಾರು ವರ್ಷದ ಹುಡುಗನ ಎತ್ತರ ಅದಕ್ಕಿಂತ ಹೆಚ್ಚು. ಅವನು ಕೈಯೆತ್ತಬೇಕಾಗಿಲ್ಲ, ಬಗ್ಗಿ ಹತ್ತಿದವನು ನೆಟ್ಟಗೆ ನಿಂತರೆ ಸಾಕು, ತಲೆಯೇ ತಂತಿಯಲ್ಲಿರುತ್ತದೆ. ಅವನ ಕಾಲಡಿಯ ಉಕ್ಕು ಗಾಲಿಯ ಮೂಲಕ ಹಳಿಗೆ ಸೇರಿದೆ. ಆ ಹಳಿಯೇ ಪ್ರವಾಹದ ಎರಡನೆಯ ತಂತಿ ಎಂದು ಮೇಲೆ ನೋಡಿದೆವಷ್ಟೆ. ತಂತಿಯ ಮೇಲೆ ಕುಳಿತ ಕಾಗೆ ಒಂದನ್ನೇ ಮುಟ್ಟಿದೆ, ಬದುಕುತ್ತದೆ. ಬಂಡಿಯ ಮೇಲೆ ನಿಂತವನು ಎರಡನ್ನೂ ಮುಟ್ಟಿದ್ದಾನೆ. ಹತ್ತಿರದಲ್ಲಿ ಯಾವ ರೈಲೂ ಇಲ್ಲದಿದ್ದರೆ ತಂತಿಯಲ್ಲಿ ವಿದ್ಯುತ್ತಿಲ್ಲ ಎಂಬುದು ಇನ್ನೊಂದು ಮೂಢನಂಬಿಕೆ. ರೈಲು ಇರಲಿ ಬಿಡಲಿ, ಹಗಲಾಗಲಿ ಇರುಳಾಗಲಿ, ಅದು ಸದಾ ಜೀವಂತ. ಹಾಗಾದರೆ ಕೆಲಸಗಾರರಿಗೆ 2 ಮೀಟರ್ ದೂರವಿರಿ ಎಂಬ ನಿಯಮವೇಕೆ? ಮನುಷ್ಯ ಕಲ್ಲುಕಂಬವಲ್ಲವಾದ್ದರಿಂದ. ಅವನು ಎಡವುತ್ತಾನೆ, ತೋಳೆತ್ತುತ್ತಾನೆ, ಕೈಯಲ್ಲಿ ಸಲಾಕೆ ಹಿಡಿದು ತಿರುಗುತ್ತಾನೆ. ಕಿಡಿ ನೆಗೆಯುವುದು ಕೆಲವು ಸೆಂಟಿಮೀಟರ್, ಉಳಿದುದೆಲ್ಲ ಮನುಷ್ಯನ ಮೈಮರೆವಿಗೆ ಬಿಟ್ಟ ಜಾಗ. ಹೀಗೆ ಬಿಡಿಸಿ ಹೇಳಿದರೆ ಹುಡುಗರಿಗೆ ಅರ್ಥವಾಗುತ್ತದೆ. ಅವರ ಬುದ್ಧಿಯ ಮೇಲೆ ನಮಗೆ ಅಷ್ಟು ನಂಬಿಕೆ ಇರಬೇಕು. ನಿಲ್ದಾಣದ ತಲೆಬುರುಡೆಯ ಫಲಕದ ಪಕ್ಕದಲ್ಲಿ ಈ ಮೂರು ಅಂಕಿಗಳನ್ನು ಕನ್ನಡದಲ್ಲಿ ಬರೆದ ಒಂದು ಚಿತ್ರವಿದ್ದರೆ ಅದು ನೂರು ತಲೆಬುರುಡೆಗಳಿಗೆ ಮಿಗಿಲೆಂದು ನನ್ನ ಅಭಿಪ್ರಾಯ.

ರೈತರ ಮಕ್ಕಳು ತಿಳಿಯಬೇಕಾದ ಮತ್ತೊಂದು ಅಂಶವಿದೆ. ಮೂರು ಹಂತದ ಸಾಲಿನಲ್ಲಿ ಪ್ರವಾಹಗಳು ಪರಸ್ಪರ ತೂಗಿಕೊಳ್ಳುವುದರಿಂದ ಸುತ್ತಣ ಕಾಂತಕ್ಷೇತ್ರ ದೂರ ಹೋದಂತೆ ಬೇಗ ಕ್ಷೀಣಿಸುತ್ತದೆ. ರೈಲಿನ ತಂತಿಯಲ್ಲಿ ಪ್ರವಾಹ ಮೇಲೆ ಹೋಗಿ ಭಾಗಶಃ ನೆಲದೊಳಗಿಂದ ಬರುವುದರಿಂದ ಹಾಗಾಗದು. ಹಾದಿಗೆ ಸಮಾನಾಂತರವಾಗಿ ಬಹುದೂರ ಎಳೆದ ಹೊಲದ ಮುಳ್ಳುತಂತಿ ಬೇಲಿಯಲ್ಲಿ ಪ್ರೇರಿತ ಒತ್ತಡ ಹುಟ್ಟಬಹುದು. ಅಂಥ ಬೇಲಿಯನ್ನು ಅಲ್ಲಲ್ಲಿ ತುಂಡರಿಸಿ ಭೂಮಿಗೆ ಜೋಡಿಸಬೇಕು. ಜೋಡಿಸುವುದು ತಿಳಿದವರ ಕೆಲಸ. ಸಂಕ್ರಾಂತಿಯ ಸಮಯದಲ್ಲಿ ಹಳಿಯ ಬಳಿ ಗಾಳಿಪಟ ಹಾರಿಸಕೂಡದು. ಲೋಹದ ಪುಡಿ ಮೆತ್ತಿದ ದಾರವೂ ಒದ್ದೆಯಾದ ದಾರವೂ ವಾಹಕಗಳೇ. ಮೇವಿನ ಲಾರಿಗಳು ಗೇಟಿನಲ್ಲಿ ಎಡತಾಕುವ 4.67 ಮೀಟರಿನ ಎತ್ತರಗಂಬಿಯನ್ನು ಬೈಯುವವರು ಅದರಾಚೆ ಏನಿದೆಯೆಂದು ಒಮ್ಮೆ ಯೋಚಿಸಲಿ.

ವಿದ್ಯುತ್ ರೈಲಿನ ಹೊಗಳಿಕೆಯಲ್ಲೂ ಮಿತಿ ಬೇಕು. ಹೊಗೆ ಇಲ್ಲ ಎಂಬುದು ಬೀದರದ ಮಟ್ಟಿಗೆ ನಿಜ. ಆದರೆ ವಿದ್ಯುತ್ತಿನ ಒಂದು ಭಾಗ ಇಂದಿಗೂ ಕಲ್ಲಿದ್ದಲನ್ನು ಸುಟ್ಟೇ ಬರುತ್ತದೆ. ಹೊಗೆ ರಾಯಚೂರಿನಂಥ ಕಡೆ ಏಳುತ್ತದೆ, ಅಷ್ಟೆ. ತಂತಿಯ ಹೆಚ್ಚುಗಾರಿಕೆ ಬೇರೆ: ಅದರ ಮೂಲವನ್ನು ಬದಲಿಸಬಹುದು. ಪಾವಗಡದ ಬಿಸಿಲಿನಿಂದಲೋ ಶರಾವತಿಯ ನೀರಿನಿಂದಲೋ ಬಂದ ವಿದ್ಯುತ್ತನ್ನು ಎಂಜಿನ್ನು ಭೇದವಿಲ್ಲದೆ ಕುಡಿಯುತ್ತದೆ. ಡೀಸೆಲ್ ಎಂಜಿನ್ನಿಗೆ ಆ ಭಾಗ್ಯವಿಲ್ಲ. ಇಳಿಜಾರಿನಲ್ಲಿ ಇಂದಿನ ಎಂಜಿನ್ನುಗಳ ಮೋಟಾರುಗಳು ಜನಕಗಳಾಗಿ ತಿರುಗಿ ತಂತಿಗೆ ವಿದ್ಯುತ್ತನ್ನು ಹಿಂದಿರುಗಿಸುವುದೂ ಉಂಟು. ಆದರೆ ತಂತಿ ಬಂದ ಮಾತ್ರಕ್ಕೆ ರೈಲುಗಳ ಸಂಖ್ಯೆ ಹೆಚ್ಚದು. ಒಂಟಿಹಳಿಯಲ್ಲಿ ಎದುರುಬದುರಾದ ಬಂಡಿಗಳಲ್ಲಿ ಒಂದು ಕಾಯಲೇಬೇಕು. ಇದನ್ನು ಜನರಿಗೆ ಮೊದಲೇ ಹೇಳುವುದು ಒಳ್ಳೆಯದು.

ಕೊನೆಗೆ ಔರಾದದ ವಿಷಯ. 2017ರ ಅಕ್ಟೋಬರ್ 29ರಂದು ಬೀದರ-ಕಲಬುರಗಿ ಹಾದಿ ಉದ್ಘಾಟನೆಯಾದ ಮೇಲೆ ಜಿಲ್ಲೆಯ ದಕ್ಷಿಣಕ್ಕೆ ಒಂದು ಬಾಗಿಲು ತೆರೆಯಿತು. ಉತ್ತರದಲ್ಲಿ, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಮಲನಗರದಲ್ಲಿ ನಿಲ್ದಾಣವಿದೆ. ಔರಾದ ಪಟ್ಟಣಕ್ಕೆ ಹಳಿಯೇ ಇಲ್ಲ. ಬೀದರದಿಂದ ಔರಾದ, ದೇಗಲೂರುಗಳ ಮೂಲಕ ನಾಂದೇಡಕ್ಕೆ ಹಾದಿ ಬೇಕೆಂಬುದು ಬಹುಕಾಲದ ಬೇಡಿಕೆ. ಆ ಹಾದಿಗೆ ತಂತಿ ಬೇಕೆ ಎಂದು ಈಚೆಗೆ ಕೆಲವು ಬುದ್ಧಿವಂತ ವಿದ್ಯಾರ್ಥಿಗಳು ಕೇಳುತ್ತಾರೆ. ಜರ್ಮನಿಯಲ್ಲಿ 2018ರಿಂದಲೇ ಜಲಜನಕದ ರೈಲು ಪ್ರಯಾಣಿಕರನ್ನು ಹೊತ್ತಿದೆಯಲ್ಲ, ಬ್ಯಾಟರಿಯ ರೈಲುಗಳೂ ಇವೆಯಲ್ಲ ಎನ್ನುತ್ತಾರೆ. ಪ್ರಶ್ನೆ ಯೋಗ್ಯವಾದುದು. ದಿನಕ್ಕೆರಡು ಸಣ್ಣ ಬಂಡಿಗಳು ಓಡಿ ಒಂದೂರಿನಲ್ಲಿ ಮುಗಿದುಹೋಗುವ ಹಾದಿಯಾದರೆ ಕಿಲೋಮೀಟರುಗಟ್ಟಲೆ ತಾಮ್ರವನ್ನು ಬಿಸಿಲಿಗೊಡ್ಡುವುದು ದುಂದು ಎಂದು ನಾನೂ ಒಪ್ಪುತ್ತೇನೆ. ಆದರೆ ಜಲಜನಕವನ್ನು ವಿದ್ಯುತ್ತಿನಿಂದ ತಯಾರಿಸಿ, ಅದುಮಿ, ಸಾಗಿಸಿ, ಮತ್ತೆ ವಿದ್ಯುತ್ತಾಗಿ ಮಾಡುವಷ್ಟರಲ್ಲಿ ಮೊದಲಿನ ಶಕ್ತಿಯಲ್ಲಿ ಉಳಿಯುವುದು ಸುಮಾರು ಮೂರನೆಯ ಒಂದು ಪಾಲು. ತಂತಿಯಲ್ಲಿ ಅಷ್ಟು ನಷ್ಟವಿಲ್ಲ. ಔರಾದದ ಹಾದಿಯಾದರೋ ಊರಲ್ಲಿ ಮುಗಿಯುವಂಥದಲ್ಲ; ಎರಡು ತುದಿಯಲ್ಲೂ ತಂತಿಯಿರುವ ಹಾದಿಗಳನ್ನು ಕೂಡಿಸುವಂಥದು. ನಡುವಿನಲ್ಲಿ ಮಾತ್ರ ತಂತಿಯಿಲ್ಲದಿದ್ದರೆ ಎರಡು ಕಡೆಯೂ ಎಂಜಿನ್ ಬದಲಿಸಬೇಕು. ಬಂಡಿಗಳು ಸುತ್ತುದಾರಿಯನ್ನೇ ಹಿಡಿಯುತ್ತವೆ, ಔರಾದದ ಹಾದಿ ಹುಟ್ಟುವಾಗಲೇ ಕವಲುಹಾದಿಯಾಗಿ ಉಳಿಯುತ್ತದೆ.

ಆದುದರಿಂದ ಅದು ಕಟ್ಟಲ್ಪಡುವ ದಿನ ಮೊದಲ ಬಂಡಿಯ ಜೊತೆಗೇ ತಂತಿಯೂ ಬರಬೇಕು. ಎರೆಮಣ್ಣಿನ ಪರೀಕ್ಷೆ ಕಂಬದ ಗುಂಡಿ ತೋಡುವಾಗ ಅಲ್ಲ, ಹಾದಿಯ ಏರಿ ಹಾಕುವಾಗಲೇ ಆಗಬೇಕು. ಹಳಿಯ ಮೇಲೆ ಹಾಯುವ ಪ್ರತಿಯೊಂದು ರಸ್ತೆಯ ಸೇತುವೆಯನ್ನೂ ತಂತಿಗೆ ಸಾಕಾಗುವ ಎತ್ತರದಲ್ಲಿ ಮೊದಲ ಸಲಕ್ಕೇ ಕಟ್ಟಬೇಕು. ಡೀಸೆಲ್ ಕಾಲದ ತಗ್ಗು ಸೇತುವೆಗಳ ಕೆಳಗೆ ತಂತಿ ತೂರಿಸಲು ದೇಶದಲ್ಲೆಲ್ಲ ಎಷ್ಟು ಕಡೆ ಹಳಿಯನ್ನೇ ಅಗೆದು ತಗ್ಗಿಸಬೇಕಾಯಿತೋ ಬಲ್ಲವರು ಬಲ್ಲರು. ರೈಲ್ವೆಯ ನೇಮಕಾತಿ ಪರೀಕ್ಷೆಗಳನ್ನು ಈಗ ಕನ್ನಡದಲ್ಲಿಯೂ ಬರೆಯಬಹುದು. ಔರಾದದ ತಂತಿಗೆ ಬಿಲ್ಲೆ ತೂಗಿಸುವವನು, ಕಂಬದ ವಾಲನ್ನು ಅಳೆಯುವವನು ಔರಾದದ ಶಾಲೆಯಲ್ಲೇ ಸೋನೋಮೀಟರಿನ ತಂತಿ ಮೀಟಿದ ಹುಡುಗನೋ ಹುಡುಗಿಯೋ ಆಗಬಾರದೇಕೆ? ಆ ಶಾಲೆಗಳಿಗೆ ಸೋನೋಮೀಟರುಗಳನ್ನು ಒದಗಿಸಲು ರೈಲುಹಾದಿ ಬರುವವರೆಗೆ ಕಾಯಬೇಕಾಗಿಲ್ಲ.